ಟೆನಿಸ್ ಮ್ಯಾಚ್‌ಗೆ ಮುಂಚೆ ಏನ್ ನೋಡ್ಬೇಕು: ರ‍್ಯಾಂಕಿಂಗಾ, ಹೆಡ್ ಟು ಹೆಡ್ಡಾ, ಕೋರ್ಟಾ, ಇಲ್ಲಾ ಸರ್ವ್ ಲೆಕ್ಕಾನಾ?

ಗ್ರ್ಯಾಂಡ್ ಸ್ಲ್ಯಾಮ್ ಶುರುವಾಯ್ತು ಅಂದ್ರೆ ತುಮಕೂರಲ್ಲಿ ನಮ್ ಗುಂಪಿಗೆ ಎರಡು ವಾರ ಬೇರೆ ಮಾತೇ ಇರಲ್ಲ. ಪಿಯು ಕಾಲೇಜಿನ ಮೇಷ್ಟ್ರು ಒಬ್ರಿದಾರೆ, ಅವ್ರಿಗೆ ರ‍್ಯಾಂಕಿಂಗೇ ವೇದವಾಕ್ಯ. ಮೆಡಿಕಲ್ ಸ್ಟೋರ್ ಇಟ್ಕೊಂಡಿರೋ ಗೆಳೆಯ ಹೆಡ್ ಟು ಹೆಡ್, ಅಂದ್ರೆ ಇಬ್ರೂ ಹಿಂದೆ ಎದುರಾದಾಗ ಯಾರು ಎಷ್ಟು ಸಲ ಗೆದ್ದಿದ್ರು ಅನ್ನೋ ಲೆಕ್ಕ, ನೋಡ್ದೆ ಬಾಯೇ ಬಿಡಲ್ಲ. ಇನ್ನೊಬ್ಬ ಇದಾನೆ, ಅವನು ಏನೂ ನೋಡಲ್ಲ, ಆಡ್ಸ್ (ಗೆದ್ರೆ ಕಟ್ಟಿದ ದುಡ್ಡಿನ ಎಷ್ಟು ಪಟ್ಟು ವಾಪಸ್ ಅಂತ ಬುಕ್ಕಿ ಹಾಕೋ ರೇಟು) ಎಲ್ಲಿ ಕಮ್ಮಿ ಇದ್ಯೋ ಆ ಹೆಸರು ಬರೆದು ಕೂತ್ಕೋತಾನೆ, ಕೇಳಿದ್ರೆ ಲೋಕಕ್ಕೆ ಗೊತ್ತಿರೋದು ನಿಂಗೊಬ್ಬಂಗೆ ಗೊತ್ತಿಲ್ವಾ ಅಂತಾನೆ. ಬಾಜಿ ಏನಪ್ಪಾ ಅಂದ್ರೆ ಸೋತವ್ರು ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ಎಲ್ರಿಗೂ ತಟ್ಟೆ ಇಡ್ಲಿ ಕೊಡಿಸ್ಬೇಕು, ವಡೆ ಸೇರಿಸಿ.

ದುಡ್ಡಿನ ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಯಾರೂ ಕೇಳ್ಬೇಡಿ. 2025ರ ಆಗಸ್ಟ್‌ನಲ್ಲಿ ಕೇಂದ್ರ ತಂದ ಆನ್‌ಲೈನ್ ಗೇಮಿಂಗ್ ಕಾಯ್ದೆಲಿ ದುಡ್ಡು ಕಟ್ಟಿ ಆಡಿಸೋದು, ಅದರ ಜಾಹೀರಾತು ಹಾಕೋದು, ಅದಕ್ಕೆ ಬ್ಯಾಂಕ್ ಕಡೆಯಿಂದ ದುಡ್ಡು ಸಾಗಿಸೋದು ಎಲ್ಲಾ ನಿಷೇಧ, ನಡೆಸೋರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಟೆಲಿಗ್ರಾಮಲ್ಲಿ ಯಾರೋ ಕಳ್ಸಿದ ಫಾರಿನ್ ಸೈಟ್ ಲಿಂಕ್ ಒತ್ತಿ ದುಡ್ಡು ಹಾಕಿ, ಗೆದ್ದ ಮೇಲೆ ವಿತ್‌ಡ್ರಾ ಆಗ್ಲಿಲ್ಲ ಅಂತ ಯಾರ ಹತ್ರ ಹೋಗಿ ಕೇಳ್ತೀರಾ? ಹಂಗಾಗಿ ಇಲ್ಲಿ ಹೇಳೋದೆಲ್ಲಾ ಇಡ್ಲಿ ಬಾಜಿ ಲೆಕ್ಕಕ್ಕೆ. ದುಡ್ಡಿಗೆ ಕಟ್ಟಿದ್ರೂ ಯಾಕೆ ದಡ ಮುಟ್ಟಲ್ಲ ಅನ್ನೋದು ಆಡ್ಸ್ ವಿಷ್ಯಕ್ಕೆ ಬಂದಾಗ ಹೇಳ್ತೀನಿ.

ಮೇಷ್ಟ್ರ ರ‍್ಯಾಂಕಿಂಗ್

ರ‍್ಯಾಂಕಿಂಗ್ ಅಂದ್ರೆ ಹಿಂದಿನ 52 ವಾರದ ಗಳಿಕೆ, ಅಷ್ಟೇ. ಸ್ಲ್ಯಾಮ್ ಗೆದ್ರೆ 2000 ಪಾಯಿಂಟು, ಮಾಸ್ಟರ್ಸ್ ಗೆದ್ರೆ 1000, ಅದರ ಕೆಳಗೆ 500, 250. ಆ ಪಾಯಿಂಟು ಮಣ್ಣಲ್ಲಿ ಗಳಿಸಿದ್ದಾ ಹುಲ್ಲಲ್ಲಿ ಗಳಿಸಿದ್ದಾ ಅದಕ್ಕೆ ಗೊತ್ತಿಲ್ಲ, ಹತ್ತು ತಿಂಗಳ ಹಿಂದಿಂದಾ ಹೋದ್ ವಾರದ್ದಾ ಅದೂ ಗೊತ್ತಿಲ್ಲ. ಗಾಯ ಆಗಿ ಆರು ತಿಂಗ್ಳು ಮನೇಲಿ ಕೂತಿದ್ದವನ ನಂಬರ್ ಪಾತಾಳಕ್ಕೆ ಹೋಗಿರತ್ತೆ, ಆಟ ಅಷ್ಟು ಕೆಟ್ಟಿರಲ್ಲ.

ಹಂಗಂತ ರ‍್ಯಾಂಕಿಂಗ್ ಕಸ ಅಂತ ಎಸೆಯಕ್ಕಾಗಲ್ಲ. ಟಾಪ್ ಟೆನ್ನಲ್ಲಿರೋನು ನೂರರ ಆಚೆಯವನ ಜೊತೆ ಸ್ಲ್ಯಾಮ್ ಮೊದಲ ರೌಂಡ್ ಆಡ್ತಿದಾನೆ ಅಂದ್ರೆ ತಲೆ ಕೆಡಿಸ್ಕೊಳ್ದೆ ರ‍್ಯಾಂಕಿಂಗ್ ನೋಡಿ ಬರೀರಿ, ಅದ್ರಲ್ಲೂ ಗಂಡಸರ ಮ್ಯಾಚ್ ಐದು ಸೆಟ್ ಇರೋದ್ರಿಂದ. ಲೆಕ್ಕ ಮಾಡಿ ನೋಡಿ, ಒಬ್ಬ ಪ್ರತಿ ಸೆಟ್ ಗೆಲ್ಲೋ ಸಾಧ್ಯತೆ 70% ಅಂದ್ಕೊಳ್ಳಿ, ಮೂರು ಸೆಟ್ಟಿನ ಮ್ಯಾಚಲ್ಲಿ ಅವನು ಗೆಲ್ಲೋದು 78%, ಐದು ಸೆಟ್ಟಲ್ಲಿ 84%. ಆಟ ಉದ್ದ ಆದಷ್ಟೂ ಬಲಶಾಲಿಗೇ ಲಾಭ. ರ‍್ಯಾಂಕಿಂಗ್ ಕೈ ಕೊಡೋದು 35ನೇ ನಂಬರಿಗೂ 60ನೇ ನಂಬರಿಗೂ ಇರೋ ಮ್ಯಾಚಲ್ಲಿ, ಅಲ್ಲಿ ಒಂದು ಒಳ್ಳೇ ವಾರ ಬಂದ್ರೆ ಸಾಕು ಇಬ್ರ ಜಾಗ ಅದಲು ಬದಲಾಗತ್ತೆ, ಮೇಷ್ಟ್ರು ಮಾತ್ರ 35 ಅಂದ್ರೆ 35 ಅಂತ ಅದನ್ನೇ ಹಿಡ್ಕೊಂಡಿರ್ತಾರೆ.

2024ರ ಆಸ್ಟ್ರೇಲಿಯನ್ ಓಪನ್ ನೆನಪಿದ್ಯಾ? ನಮ್ ಸುಮಿತ್ ನಗಾಲ್ 137ನೇ ರ‍್ಯಾಂಕು, ಕ್ವಾಲಿಫೈ ಆಗಿ ಒಳಗೆ ಬಂದವನು, ಎದುರಿಗೆ 31ನೇ ಸೀಡ್ (ಟೂರ್ನಿಯವ್ರು ಬಲಶಾಲಿಗಳು ಅಂತ ಪಟ್ಟಿ ಮಾಡಿ ಕೊಡೋ ನಂಬರ್) ಬುಬ್ಲಿಕ್. ನೇರ ಸೆಟ್ಟಲ್ಲಿ ಗೆದ್ದ. 1989ರಲ್ಲಿ ರಮೇಶ್ ಕೃಷ್ಣನ್ ಆದ್ಮೇಲೆ ಸ್ಲ್ಯಾಮ್ ಸಿಂಗಲ್ಸಲ್ಲಿ ಸೀಡ್ ಆಟಗಾರನ್ನ ಸೋಲಿಸಿದ ಮೊದಲ ಭಾರತೀಯ ಪುರುಷ ಆಟಗಾರ. ಇನ್ನೂ ದೊಡ್ಡದು ಬೇಕಂದ್ರೆ 2021ರ ಯುಎಸ್ ಓಪನ್, ಎಮ್ಮಾ ರಾಡುಕಾನು 150ನೇ ರ‍್ಯಾಂಕು, ಕ್ವಾಲಿಫೈಯಿಂಗ್ ಸೇರಿ 10 ಮ್ಯಾಚ್ ಆಡಿ ಒಂದೇ ಒಂದು ಸೆಟ್ ಬಿಟ್ಕೊಡದೆ ಕಪ್ ಎತ್ತಿದ್ಲು. ಇಂಥದ್ದು ಅಪರೂಪಕ್ಕೆ ಆಗತ್ತೆ ಅಂತಾನೇ ನೆನಪಿರೋದು, ಇದನ್ನ ನೋಡ್ಕೊಂಡು ಪ್ರತಿ ಸಲ ಕ್ವಾಲಿಫೈಯರ್ ಹೆಸರು ಬರೆಯೋನು ವರ್ಷಪೂರ್ತಿ ಇಡ್ಲಿ ಬಿಲ್ ಕಟ್ತಾನೆ.

ರ‍್ಯಾಂಕಿಂಗ್ ಬದ್ಲು ಎಲೋ ರೇಟಿಂಗ್ ಅಂತ ಇದೆ, ಚೆಸ್ಸಿಂದ ಬಂದ ಲೆಕ್ಕ. ಯಾವ ಟೂರ್ನಿ ಅನ್ನೋದಕ್ಕಿಂತ ಯಾರನ್ನ ಸೋಲಿಸ್ದೆ ಅನ್ನೋದ್ರ ಮೇಲೆ ಅಂಕ ಕೊಡತ್ತೆ, ಕೋರ್ಟ್ ಪ್ರಕಾರ ಬೇರೆ ಬೇರೆ ಎಲೋನೂ ಸಿಗತ್ತೆ. ಎರಡರಲ್ಲಿ ಒಂದೇ ನೋಡೋ ಟೈಮ್ ಇದ್ರೆ ಎಲೋ ನೋಡಿ, ವಾದವೇ ಬೇಡ.

ಹೆಡ್ ಟು ಹೆಡ್ ಅನ್ನೋ ಮರುಳು

ಎಲ್ಲರೂ ಜಾಸ್ತಿ ನಂಬೋದು, ಕಮ್ಮಿ ಕೆಲಸಕ್ಕೆ ಬರೋದು ಎರಡೂ ಇದೇ. ಟೀವೀಲಿ ಮ್ಯಾಚ್ ಶುರುವಾಗೋ ಮುಂಚೆ ದೊಡ್ಡದಾಗಿ ತೋರಿಸ್ತಾರಲ್ಲ, ಅದಕ್ಕೇ ಜನ ಬಿದ್ದೋಗ್ತಾರೆ.

ಫೆಡರರ್ ನಡಾಲ್ ತಗೊಳ್ಳಿ. ಒಟ್ಟು 24-16, ನಡಾಲ್ ಕಡೆಗೆ. ಇದನ್ನಷ್ಟೇ ಓದಿದ್ರೆ ನಡಾಲ್ ಎಲ್ಲಿ ಬೇಕಾದ್ರೂ ಸೋಲಿಸ್ತಿದ್ದ ಅನ್ಸತ್ತೆ. ಬಿಡಿಸಿ ನೋಡಿ: ಕ್ಲೇ (ಮಣ್ಣಿನ) ಕೋರ್ಟಲ್ಲಿ 14-2 ನಡಾಲ್, ಹಾರ್ಡ್ (ಸಿಮೆಂಟ್ ಥರದ ಗಟ್ಟಿ) ಕೋರ್ಟಲ್ಲಿ 11-9 ಫೆಡರರ್, ಹುಲ್ಲಲ್ಲಿ 3-1 ಫೆಡರರ್. ಒಂದು ಕೋರ್ಟ್ ತೆಗೆದುಬಿಟ್ರೆ ಕಥೆನೇ ತಿರುಗ್ತು.

ಇನ್ನೊಂದು, 2022ರ ವಿಂಬಲ್ಡನ್ ಫೈನಲ್. ಕಿರ್ಗಿಯೋಸ್ ಮತ್ತೆ ಜೋಕೋವಿಚ್ ಅದಕ್ಕೆ ಮುಂಚೆ ಎರಡೇ ಸಲ ಆಡಿದ್ದು, ಎರಡೂ ಕಿರ್ಗಿಯೋಸ್ ಗೆದ್ದಿದ್ದ, ಎರಡೂ 2017ರಲ್ಲಿ, ಎರಡೂ ಹಾರ್ಡ್ ಕೋರ್ಟು. ನಮ್ ಮೆಡಿಕಲ್ ಸ್ಟೋರ್ ಗೆಳೆಯ 2-0 ಇದೆ ಕಣೋ, ಇವನ ಸರ್ವ್ ಅವನಿಗೆ ಓದಕ್ಕೇ ಬರಲ್ಲ ಕಣೋ ಅಂತ ಕುಣೀತಿದ್ದ. ಮೊದಲ ಸೆಟ್ ಕಿರ್ಗಿಯೋಸೇ ತಗೊಂಡ, ಆಮೇಲೆ ಮೂರೂ ಸೆಟ್ ಜೋಕೋವಿಚ್. ಎರಡು ಮ್ಯಾಚ್, ಅದೂ ಐದು ವರ್ಷ ಹಳೇದು, ಬೇರೆ ಕೋರ್ಟು, ಅದ್ರಿಂದ ಏನ್ ಗೊತ್ತಾಗತ್ತೆ ಹೇಳಿ.

ಹೆಡ್ ಟು ಹೆಡ್ ನಿಜವಾಗ್ಲೂ ಮಾತಾಡೋದು ಯಾವಾಗ ಅಂದ್ರೆ ಅದರ ಹಿಂದೆ ಆಟದ ಕಾರಣ ಇದ್ದಾಗ. ಒಸ್ಟಾಪೆಂಕೊ ಶ್ವಿಯಾಂಟೆಕ್‌ನ 2025ರ ಸ್ಟುಟ್‌ಗಾರ್ಟ್ ಸೇರಿಸಿ ಆರಕ್ಕೆ ಆರೂ ಸೋಲಿಸಿದ್ಲು, ಶ್ವಿಯಾಂಟೆಕ್ ಎಷ್ಟೋ ವಾರ ನಂಬರ್ ಒನ್ ಆಗಿದ್ದವಳು. ಕಾರಣ ಕಣ್ಣಿಗೆ ಕಾಣತ್ತೆ: ಶ್ವಿಯಾಂಟೆಕ್‌ಗೆ ಫೋರ್‌ಹ್ಯಾಂಡ್ ಬೀಸೋಕೆ ಸ್ವಲ್ಪ ಟೈಮ್ ಬೇಕು, ಒಸ್ಟಾಪೆಂಕೊ ಮುಂದೆ ನಿಂತು ಚಪ್ಪಟೆಯಾಗಿ ಬಲವಾಗಿ ಹೊಡೆದು ಆ ಟೈಮೇ ಕೊಡಲ್ಲ. ನಡಾಲ್ ಎಡಗೈ ಟಾಪ್‌ಸ್ಪಿನ್ ಕ್ಲೇನಲ್ಲಿ ಫೆಡರರ್‌ನ ಒಂಟಿಗೈ ಬ್ಯಾಕ್‌ಹ್ಯಾಂಡಿಗೆ ಭುಜದೆತ್ತರಕ್ಕೆ ಏಳ್ತಿತ್ತು, ಅದೂ ಹಂಗೇ ಒಂದು ಕಾರಣ. ಕಾರಣ ಹೇಳೋಕಾಗ್ಲಿಲ್ಲ ಅಂದ್ರೆ, ಅಥವಾ ಆಡಿದ್ದೇ ಎರಡೋ ಮೂರೋ ಮ್ಯಾಚ್ ಅಂದ್ರೆ, ಆ ಅಂಕಿನ ಪಕ್ಕಕ್ಕಿಡಿ.

ಕೋರ್ಟ್ ನೋಡ್ದೆ ಹೆಸರು ಬರೀಬೇಡಿ

ನನ್ ಕೇಳಿದ್ರೆ ಮೊದ್ಲು ನೋಡ್ಬೇಕಾಗಿರೋದು ಇದು. ಚಿನ್ನಸ್ವಾಮೀಲಿ ಸಿಕ್ಸರ್ ಹೊಡೆಯೋನು ಚೆಪಾಕ್ ತಿರುವಿನ ಪಿಚ್ಚಲ್ಲಿ ತಡಕಾಡೋದು ಎಲ್ಲರಿಗೂ ಗೊತ್ತು, ಆದ್ರೆ ಟೆನಿಸ್ ಅಂದ ತಕ್ಷಣ ಅದೇ ಜನ ಕೋರ್ಟ್ ಮರ್ತುಬಿಡ್ತಾರೆ. ಕ್ಲೇನಲ್ಲಿ ಚೆಂಡು ಮಣ್ಣಿಗೆ ಉಜ್ಜಿ ವೇಗ ಕಳ್ಕೊಂಡು ಮೇಲಕ್ಕೆ ಏಳತ್ತೆ, ದೊಡ್ಡ ಸರ್ವ್ ಕೂಡ ವಾಪಸ್ ಬರತ್ತೆ, ರ‍್ಯಾಲಿ ಉದ್ದ ಆಗತ್ತೆ, ಓಡೋ ಕಾಲಿಗೆ ಬೆಲೆ. ಹುಲ್ಲಲ್ಲಿ ಚೆಂಡು ಜಾರಿ ಕೆಳಗೇ ಹೋಗತ್ತೆ, ಸರ್ವ್ ಚೆನ್ನಾಗಿರೋನಿಗೆ ಹಬ್ಬ. ಹಾರ್ಡ್ ಕೋರ್ಟ್ ಇವೆರಡರ ಮಧ್ಯೆ, ಆದ್ರೆ ಎಲ್ಲಾ ಹಾರ್ಡ್ ಕೋರ್ಟೂ ಒಂದೇ ವೇಗ ಇರಲ್ಲ.

2023 ನೋಡಿ. ಕ್ಯಾಸ್ಪರ್ ರೂಡ್ ಜೂನ್‌ನಲ್ಲಿ ಫ್ರೆಂಚ್ ಓಪನ್ ಫೈನಲ್ ಆಡಿದ, ಹಿಂದಿನ ವರ್ಷಾನೂ ಫೈನಲ್ ಆಡಿದ್ದ. ವಿಂಬಲ್ಡನ್‌ಗೆ 4ನೇ ಸೀಡ್ ಆಗಿ ಬಂದ. ಎರಡನೇ ರೌಂಡಲ್ಲಿ ಲಿಯಮ್ ಬ್ರಾಡಿ ಅಂತ ಒಬ್ಬ ಇಂಗ್ಲೆಂಡ್ ಆಟಗಾರ, ವೈಲ್ಡ್ ಕಾರ್ಡಲ್ಲಿ (ಟೂರ್ನಿಯವ್ರೇ ಕರೆದು ಕೊಡೋ ಜಾಗ) ಬಂದವನು, 142ನೇ ರ‍್ಯಾಂಕು, ಐದು ಸೆಟ್ಟಲ್ಲಿ ಇವನ್ನ ಮನೆಗೆ ಕಳಿಸ್ದ, ಕೊನೇ ಸೆಟ್ 6-0. ಆ ಪ್ಯಾರಿಸ್ ಫೈನಲ್ ಆಗಿ ಒಂದು ತಿಂಗ್ಳೂ ಆಗಿರ್ಲಿಲ್ಲ. ರ‍್ಯಾಂಕಿಂಗ್ ನೋಡಿದ್ರೂ ರೂಡ್, ಫಾರ್ಮ್ ನೋಡಿದ್ರೂ ರೂಡ್, ಹುಲ್ಲಿನ ದಾಖಲೆ ನೋಡಿದವನಿಗೆ ಮಾತ್ರ ಅನುಮಾನ ಬರ್ತಿತ್ತು, ಯಾಕಂದ್ರೆ ಅಲ್ಲಿವರೆಗೆ ಅವನು ವಿಂಬಲ್ಡನ್ನಲ್ಲಿ ಎರಡನೇ ರೌಂಡ್ ದಾಟೇ ಇರ್ಲಿಲ್ಲ. ಸ್ಯಾಂಪ್ರಾಸ್ ಅಂಥವನು ವಿಂಬಲ್ಡನ್ 7 ಸಲ ಗೆದ್ದು ಫ್ರೆಂಚ್ ಓಪನ್ ಒಂದು ಸಲಾನೂ ಗೆಲ್ಲದೇ ಹೋದ. ನಡಾಲ್ ಅದೇ ಫ್ರೆಂಚ್ ಓಪನ್ನಲ್ಲಿ 112 ಮ್ಯಾಚ್ ಗೆದ್ದು 4 ಸೋತ.

ಒಂದೇ ಮಣ್ಣಾದ್ರೂ ಊರ ಪ್ರಕಾರ ಬದಲಾಗತ್ತೆ. ಮ್ಯಾಡ್ರಿಡ್ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲಿದೆ, ಗಾಳಿ ತೆಳು, ಚೆಂಡು ಹಾರತ್ತೆ, ಅಲ್ಲಿ ಕ್ಲೇ ಆದ್ರೂ ದೊಡ್ಡ ಸರ್ವ್‌ಗೆ ಬೆಲೆ ಇದೆ. ರೋಮ್ ಕೆಳಗಿದೆ, ಅಲ್ಲಿ ನಿಧಾನ. ಎರಡೂ ಟೂರ್ನಿ ಹಿಂದೆ ಮುಂದೆ ಬರೋದ್ರಿಂದ ಮ್ಯಾಡ್ರಿಡಲ್ಲಿ ಆಡಿದ್ದು ನೋಡಿ ರೋಮಲ್ಲೂ ಅದೇ ಹೆಸರು ಬರೆಯೋರು ಬಹಳ. (ನಮ್ ತುಮಕೂರು 800 ಮೀಟರಿಗೂ ಮೇಲಿದೆ, ಚಿಕ್ಕಬಳ್ಳಾಪುರ ಇನ್ನೂ ಮೇಲೆ, ಅಂದ್ರೆ ನಮ್ ಕಡೆ ಹುಡುಗ್ರು ಆಡೋದು ಮ್ಯಾಡ್ರಿಡ್‌ಗಿಂತ ಎತ್ತರದಲ್ಲಿ, ಅದಕ್ಕೇ ಮಂಗಳೂರಿಗೆ ಆಡಕ್ಕೆ ಹೋದ್ರೆ ಚೆಂಡು ಯಾಕೋ ಮುಂದಕ್ಕೇ ಹೋಗಲ್ಲ ಅನ್ಸತ್ತೆ.) ಮಳೆ ಬಂದು ರೂಫ್ ಮುಚ್ಚಿದ್ರೂ ಲೆಕ್ಕ ಬೇರೆ, ಗಾಳಿ ಬಿಸಿಲು ಎರಡೂ ಇರಲ್ಲ, ಸರ್ವ್ ಮಾಡೋನಿಗೆ ಸುಖ.

ಸರ್ವ್ ರಿಟರ್ನ್ ಲೆಕ್ಕ

ಇದಕ್ಕೆ ಸ್ವಲ್ಪ ತಾಳ್ಮೆ ಬೇಕು. ಏಸ್ (ಎದುರಾಳಿಗೆ ಮುಟ್ಟೋಕೂ ಆಗದ ಸರ್ವ್) ಎಷ್ಟು ಹೊಡ್ದ ಅಂತ ನೋಡ್ಬೇಡಿ, ಅದು ಬರೀ ಶೋಕಿ. ಸರ್ವ್ ಮಾಡಿದ ಪಾಯಿಂಟಲ್ಲಿ ನೂರಕ್ಕೆ ಎಷ್ಟು ಗೆದ್ದ, ಎದುರಾಳಿ ಸರ್ವ್ ಮಾಡಿದಾಗ ನೂರಕ್ಕೆ ಎಷ್ಟು ಗೆದ್ದ, ಈ ಎರಡು ಅಂಕಿ ತಗೊಳ್ಳಿ, ಅದೇ ಕೋರ್ಟಿಂದು, ಕಳೆದ ಒಂದು ವರ್ಷದ್ದು. ಎರಡನ್ನೂ ಕೂಡಿಸಿದ್ರೆ 100 ದಾಟ್ಬೇಕು, ದಾಟಿದವನು ಒಟ್ಟಾರೆ ಗೆಲ್ಲೋ ಆಟ ಆಡ್ತಿದಾನೆ ಅಂತ ಲೆಕ್ಕ. 66 ಮತ್ತೆ 38 ಇದ್ರೆ 104, ಒಳ್ಳೇ ಆಟಗಾರ. 68 ಮತ್ತೆ 30 ಇದ್ರೆ 98, ಸರ್ವ್ ಬಲ ಇದೆ ಅಂತ ಕಂಡ್ರೂ ಟೈಬ್ರೇಕ್ (ಸೆಟ್ 6-6 ಆದಾಗ ಆಡಿಸೋ ಕೊನೇ ಗೇಮು) ಮೇಲೇ ಬದುಕ್ತಿದಾನೆ. ಆದ್ರೆ ಯಾರ ಎದುರು ಗಳಿಸಿದ ಅಂಕಿ ಅಂತಾನೂ ಒಂದು ಕಣ್ಣಿಡಿ, ಚಾಲೆಂಜರಲ್ಲಿ (ಕೆಳಹಂತದ ಟೂರ್ನಿ) 104 ಮಾಡೋದಕ್ಕೂ ಮಾಸ್ಟರ್ಸಲ್ಲಿ 104 ಮಾಡೋದಕ್ಕೂ ಅಜಗಜಾಂತರ.

ಇಲ್ಲಿ ಒಂದು ಮಜಾ ಇದೆ. ಸರ್ವ್ ಪಾಯಿಂಟಲ್ಲಿ 60% ಗೆಲ್ಲೋನು ತನ್ನ ಸರ್ವಿಸ್ ಗೇಮನ್ನ 74% ಸಲ ಉಳಿಸ್ಕೋತಾನೆ. 65% ಆದ್ರೆ 83%. 70% ಆದ್ರೆ 90%. ಪಾಯಿಂಟಲ್ಲಿ ಐದು ಹೆಚ್ಚು ಕಮ್ಮಿ ಆದ್ರೆ ಗೇಮಲ್ಲಿ ಅದು ಎಷ್ಟು ಉಬ್ಬತ್ತೆ ನೋಡಿ, ಸೆಟ್ಟಿಗೆ ಹೋದ್ರೆ ಇನ್ನೂ ಉಬ್ಬತ್ತೆ. ಫೆಡರರ್ 2024ರಲ್ಲಿ ಡಾರ್ಟ್‌ಮೌತ್ ಕಾಲೇಜಲ್ಲಿ ಮಾತಾಡ್ತಾ ತಾನು ಆಡಿದ 1526 ಸಿಂಗಲ್ಸ್ ಮ್ಯಾಚಲ್ಲಿ ಹತ್ರ ಹತ್ರ 80% ಗೆದ್ದೆ, ಆದ್ರೆ ಪಾಯಿಂಟ್ ಗೆದ್ದಿದ್ದು 54% ಮಾತ್ರ ಅಂದಿದ್ದ. ಅಷ್ಟು ಸಣ್ಣ ಅಂತರ ಇದು. ಅದೇ ಫೆಡರರ್ 2019ರ ವಿಂಬಲ್ಡನ್ ಫೈನಲಲ್ಲಿ 218 ಪಾಯಿಂಟ್ ಗೆದ್ದು, 204 ಗೆದ್ದ ಜೋಕೋವಿಚ್‌ಗೆ ಸೋತ, ಮೂರೂ ಟೈಬ್ರೇಕ್ ಕಳ್ಕೊಂಡು. ಲೆಕ್ಕ ನೂರಕ್ಕೆ ನೂರು ಸರಿ ಇದ್ರೂ ಬಾಜಿ ಹೋಗತ್ತೆ ಅಂದ್ರೆ ಇದೇ.

ಎರಡನೇ ಸರ್ವ್ ಮೇಲೆ ಎಷ್ಟು ಗೆಲ್ತಾನೆ ಅನ್ನೋದನ್ನ ಬೇರೆ ನೋಡಿದ್ರೆ ಇನ್ನೂ ಒಳ್ಳೇದು, ಒತ್ತಡ ಬಂದಾಗ ಮೊದಲು ಕೈ ಕೊಡೋದು ಅದೇ. ಬೆಂಗಳೂರು ಓಪನ್ ಚಾಲೆಂಜರ್ ಕಬ್ಬನ್ ಪಾರ್ಕ್ ಕೆಎಸ್‌ಎಲ್‌ಟಿಎ ಕೋರ್ಟಲ್ಲಿ ನಡೆಯುವಾಗ ಬೆಳಿಗ್ಗೆ ಟ್ರೇನ್ ಹತ್ತಿ ಹೋಗಿ ಒಂದಿನ ಕೂತು ನೋಡಿ, ಬೇಸ್‌ಲೈನ್ ಹಿಂದಿನ ಸೀಟು ಸಿಕ್ರೆ ಇನ್ನೂ ಚೆಂದ. ಮೊದಲ ಸರ್ವ್‌ಗೆ ಲೈನ್ ಹಿಂದೆ ದೂರ ನಿಂತಿದ್ದ ರಿಟರ್ನರ್ ಎರಡನೇ ಸರ್ವ್ ಬಂದ ತಕ್ಷಣ ಎರಡು ಹೆಜ್ಜೆ ಒಳಗೆ ಬರ್ತಾನೆ, ಸರ್ವ್ ಮಾಡೋನ ಟಾಸ್ ಅಲ್ಲಾಡಕ್ಕೆ ಶುರುವಾಗತ್ತೆ, ಚೆಂಡನ್ನ ನೆಲಕ್ಕೆ ಬಡಿಯೋದು ಜಾಸ್ತಿ ಆಗತ್ತೆ, ಡಬಲ್ ಫಾಲ್ಟ್ ಬರೋದು ನಿಮಗೆ ಮುಂಚೇನೇ ಗೊತ್ತಾಗ್ಬಿಡತ್ತೆ. ಟೀವೀಲಿ ಅಷ್ಟೊತ್ತಿಗೆ ರೀಪ್ಲೇ ಓಡ್ತಿರತ್ತೆ.

ಹೆಂಗಸರ ಮ್ಯಾಚಲ್ಲಿ ಬ್ರೇಕ್ (ಎದುರಾಳಿ ಸರ್ವ್ ಮಾಡೋ ಗೇಮ್ ಗೆಲ್ಲೋದು) ಜಾಸ್ತಿ, ಒಂದು ಬ್ರೇಕ್ ಮುಂದಿದಾಳೆ ಅಂತ ನಿಶ್ಚಿಂತೆ ಆಗೋ ಹಂಗಿಲ್ಲ, ಅಲ್ಲಿ ರಿಟರ್ನ್ ಅಂಕಿಗೆ ಜಾಸ್ತಿ ತೂಕ ಕೊಡಿ.

ಮೈ ಹೆಂಗಿದೆ

ಹಿಂದಿನ ಮ್ಯಾಚ್ ಎಷ್ಟೊತ್ತು ಆಡಿದಾನೆ ನೋಡೋಕೆ ಒಂದು ನಿಮಿಷ ಸಾಕು, ಆದ್ರೂ ನಮ್ ಗುಂಪಲ್ಲಿ ಯಾರೂ ನೋಡಲ್ಲ. 2010ರ ವಿಂಬಲ್ಡನ್ನಲ್ಲಿ ಇಸ್ನರ್ ಮಾಹೂ ಮೂರು ದಿನ, ಒಟ್ಟು 11 ಗಂಟೆ 5 ನಿಮಿಷ ಆಡಿದ್ರು, ಕೊನೇ ಸೆಟ್ 70-68. ಗೆದ್ದಿದ್ದು ಇಸ್ನರ್. ಮುಂದಿನ ಮ್ಯಾಚಲ್ಲಿ ಡಿ ಬ್ಯಾಕರ್ ಅವನನ್ನ 6-0, 6-3, 6-2ರಲ್ಲಿ ಮುಗಿಸ್ದ, 113 ಏಸ್ ಹೊಡೆದಿದ್ದ ಭುಜ ಅದು. ಈಗ ಸ್ಲ್ಯಾಮಲ್ಲೆಲ್ಲಾ ಕೊನೇ ಸೆಟ್ಟಲ್ಲಿ 6-6 ಆದ್ರೆ 10 ಪಾಯಿಂಟ್ ಟೈಬ್ರೇಕ್ ಇರೋದ್ರಿಂದ ಅಷ್ಟು ದೂರ ಹೋಗಲ್ಲ, ಆದ್ರೂ ನಾಲ್ಕು ಗಂಟೆ ಮ್ಯಾಚ್ ಒಂದ್ರ ಹಿಂದೆ ಒಂದು ಆಡಿದವನ ಕಾಲು ಮೂರನೇ ಸೆಟ್ಟಲ್ಲಿ ಹೇಳ್ತದೆ. ಇನ್ನು ಸ್ಲ್ಯಾಮ್ ಹಿಂದಿನ ವಾರದ ಸಣ್ಣ ಟೂರ್ನೀಲಿ ದೊಡ್ಡ ಹೆಸರು ಕಂಡ್ರೆ ಹುಷಾರು, ಅವನ ಮನಸ್ಸು ಮುಂದಿನ ವಾರದ ಮೇಲಿರತ್ತೆ.

ಆಡ್ಸ್ ನೋಡಿ ಬರೆಯೋನ ಕಥೆ

ಬೇಜಾರಾದ್ರೂ ಒಪ್ಕೋಬೇಕು, ಇವನ ದಾರಿನೇ ಜಾಸ್ತಿ ಸಲ ಸರಿ ಹೋಗತ್ತೆ. ಮೇಲೆ ಹೇಳಿದ್ದೆಲ್ಲಾ ಆಡ್ಸ್ ಒಳಗೆ ಆಗ್ಲೇ ಸೇರ್ಕೊಂಡಿರತ್ತೆ. ಬರೀ ಯಾರು ಗೆಲ್ತಾರೆ ಅಂತ ಹೇಳೋದಾದ್ರೆ ಆಡ್ಸ್ ನೋಡಿ ಸಾಕು. ಆದ್ರೆ ದುಡ್ಡಿಗೆ ಅದು ಯಾಕೆ ಉಪಯೋಗ ಇಲ್ಲ ಅಂದ್ರೆ, ಒಬ್ಬನಿಗೆ 1.25 ಇನ್ನೊಬ್ಬನಿಗೆ 4.00 ಇದೆ ಅಂದ್ಕೊಳ್ಳಿ. ಒಂದನ್ನ 1.25ರಿಂದ ಭಾಗಿಸಿದ್ರೆ 80%, 4ರಿಂದ ಭಾಗಿಸಿದ್ರೆ 25%, ಕೂಡಿಸಿದ್ರೆ 105. ಆ ಮೇಲಿನ 5 ಬುಕ್ಕಿ ಜೇಬಿಗೆ. 1.25ಕ್ಕೆ ನೂರು ರೂಪಾಯಿ ಕಟ್ಟಿ ಗೆದ್ರೆ ಬರೋದು ಇಪ್ಪತ್ತೈದು, ಒಂದ್ ಸಲ ಸೋತ್ರೆ ನಾಲ್ಕು ಗೆಲುವಿನ ಲಾಭ ತೊಳ್ಕೊಂಡು ಹೋಯ್ತು. ಇಬ್ರಿಗೂ 1.90 ಇರೋ ಸಮಸಮ ಮ್ಯಾಚಲ್ಲಿ ಅಸಲು ಉಳಿಬೇಕಂದ್ರೂ ನೂರಕ್ಕೆ ಸುಮಾರು 53 ಸಲ ನೀವು ಸರಿ ಹೇಳ್ಬೇಕು, ಲಾಭದ ಮಾತು ಆಮೇಲೆ. ಸರ್ವ್ ಲೆಕ್ಕ ಎಲ್ಲಾ ಮಾಡಿ ಮೇಷ್ಟ್ರನ್ನ ಸೋಲಿಸಬಹುದು, ಅದೇ ಲೆಕ್ಕಾನ ಕಂಪ್ಯೂಟರ್ ಇಟ್ಕೊಂಡು ದಿನವಿಡೀ ಮಾಡೋರನ್ನ ಸೋಲಿಸೋದು ಬೇರೆ ಮಾತು.

ಟೆಲಿಗ್ರಾಮ್ ಟಿಪ್‌ನೋರ ಬಗ್ಗೆ ಎರಡೇ ಮಾತು. ಸಾವಿರ ಜನಕ್ಕೆ ಮೆಸೇಜ್ ಹೋಗತ್ತೆ, ಅರ್ಧ ಜನಕ್ಕೆ ಈತ ಗೆಲ್ತಾನೆ ಅಂತ, ಇನ್ನರ್ಧಕ್ಕೆ ಆತ ಗೆಲ್ತಾನೆ ಅಂತ. ಸರಿ ಬಂದ ಐನೂರು ಜನಕ್ಕೆ ಮತ್ತೆ ಅದೇ ಆಟ. ನಾಲ್ಕು ಸಲ ಆದ್ಮೇಲೆ ಅರವತ್ತು ಚಿಲ್ಲರೆ ಜನಕ್ಕೆ ಇವನು ದೇವರು, ಆಗ ಫೀಸ್ ಕೇಳ್ತಾನೆ. ಫಿಕ್ಸ್ ಮ್ಯಾಚ್ ಇದೆ ಬಾಸ್ ಅನ್ನೋನು ಇವನ ತಮ್ಮ. ಅನುಮಾನದ ಮ್ಯಾಚು ಟೆನಿಸಲ್ಲಿ ಬಂದಿಲ್ಲ ಅಂತಲ್ಲ, 2007ರಲ್ಲಿ ಪೋಲೆಂಡ್‌ನ ಸೊಪಾಟಲ್ಲಿ ಡೇವಿಡೆಂಕೊ ಮ್ಯಾಚ್ ಮೇಲೆ ವಿಚಿತ್ರವಾಗಿ ದುಡ್ಡು ಹರಿದಾಗ ಬೆಟ್‌ಫೇರ್ ಅನ್ನೋ ಬೆಟ್ಟಿಂಗ್ ಕಂಪ್ನಿ ಎಲ್ಲಾ ಬೆಟ್ ರದ್ದು ಮಾಡ್ತು, ತನಿಖೆ ಆಗಿ 2008ರಲ್ಲಿ ಆಟಗಾರನ ತಪ್ಪಿಲ್ಲ ಅಂತಾಯ್ತು. ಹಂಗೇನಾದ್ರೂ ನಡೆದ್ರೂ ಅದು ನಿಮ್ ಫೋನಿಗೆ ಬರೋ ಹೊತ್ತಿಗೆ ಉಳಿದಿರೋದು ಏನೂ ಇರಲ್ಲ.

ಹಂಗಾದ್ರೆ ಯಾರು ಯಾವ್ದು ಹಿಡೀಬೇಕು? ಎರಡೇ ನಿಮಿಷ ಇದ್ರೆ ಕೋರ್ಟ್ ಪ್ರಕಾರದ ಎಲೋ. ಹತ್ತು ನಿಮಿಷ ಇದ್ರೆ ಅದರ ಮೇಲೆ ಸರ್ವ್ ರಿಟರ್ನ್ ಅಂಕಿ, ಹಿಂದಿನ ಮ್ಯಾಚಿನ ಟೈಮ್. ಸ್ಲ್ಯಾಮ್ ಮೊದಲ ರೌಂಡಿಗೆ ಮೇಷ್ಟ್ರ ರ‍್ಯಾಂಕಿಂಗ್ ಸಾಕು. ಹೆಡ್ ಟು ಹೆಡ್ ಕೊನೇಲಿ, ಅದೂ ಆಟದ ಕಾರಣ ಸಿಕ್ರೆ ಮಾತ್ರ. ಹೊಸಬ್ರು ಫ್ರೆಂಚ್ ಓಪನ್ನಿಂದ ಶುರು ಮಾಡಿ, ಕ್ಲೇ ದಾಖಲೆ ಸುಲಭವಾಗಿ ಮೋಸ ಮಾಡಲ್ಲ, ಮ್ಯಾಚೂ ನಮ್ ಮಧ್ಯಾಹ್ನ ಸಾಯಂಕಾಲದ ಹೊತ್ತಿಗೆ ಬರತ್ತೆ. ಯುಎಸ್ ಓಪನ್ ನೈಟ್ ಮ್ಯಾಚ್ ನಮಗೆ ಬೆಳಗಿನ ಜಾವ ನಾಲ್ಕೂವರೆಗೆ, ಹಾಲಿನವನಿಗಿಂತ ಮುಂಚೆ ಏಳ್ಬೇಕು.

ಬಾಜಿ ಕಟ್ಟೋ ಮುಂಚೆ ಒಂದು ವಿಷ್ಯ ಮಾತಾಡ್ಕೊಳ್ಳಿ, ಇಲ್ಲಾಂದ್ರೆ ಇಡ್ಲಿ ಹೋಟ್ಲಲ್ಲಿ ಜಗಳ ಗ್ಯಾರಂಟಿ: ಮಧ್ಯದಲ್ಲಿ ಆಟಗಾರ ಗಾಯ ಆಗಿ ಬಿಟ್ಟು ಹೋದ್ರೆ ಏನು? ಕೋರ್ಟಿಗೇ ಬರ್ಲಿಲ್ಲ, ವಾಕೋವರ್ ಅಂದ್ರೆ ಬಾಜಿ ಇಲ್ಲ, ಅದು ಸುಲಭ. ಮಧ್ಯೆ ರಿಟೈರ್ ಆದ್ರೆ ಕೆಲವರು ಒಂದು ಸೆಟ್ ಮುಗಿದಿದ್ರೆ ಲೆಕ್ಕ ಅಂತಾರೆ, ಕೆಲವರು ಪೂರ್ತಿ ಮುಗೀಲೇಬೇಕು ಅಂತಾರೆ. ನಮ್ ಗುಂಪಲ್ಲಿ ಒಂದು ಸೆಟ್ ಮುಗಿದಿದ್ರೆ ಬಾಜಿ ಉಂಟು, ಆದ್ರೆ ವಡೆ ಇಲ್ಲ, ಬರೀ ಇಡ್ಲಿ.